ಲೆಕ್ಕ ತಪ್ಪಿದಾಗ 9ರಿಂದ ಭಾಗಿಸಿ ನೋಡಿ: ಪ್ರೈಮರಿ ಮಕ್ಕಳ ಒಗಟು ಅಂಗಡಿಗೂ ಬರುತ್ತೆ

ಸಕಲೇಶಪುರ/ಆಲೂರು: ‘ಶಾಲೇಲಿ ಮಣಿ, ಕಡ್ಡಿ ಕೊಟ್ಟು ಆಟ ಆಡಿಸ್ತಾರೆ, ಮಗ್ಗಿ ಬಾಯಿಪಾಠ ಮಾಡಿಸಲ್ಲ’ ಅನ್ನೋದು ಅನೇಕ ಪೋಷಕರ ದೂರು. ಆದರೆ ಆ ಆಟದ ಲೆಕ್ಕ ಕಾಫಿ ತೂಕಕ್ಕೂ, ಅಂಗಡಿ ಗಲ್ಲಾಕ್ಕೂ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿರುವ ನಲಿ-ಕಲಿ 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ. 4, 5ನೇ ತರಗತಿಗೆ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ಇದೆ. ಎರಡರಲ್ಲೂ ಮೊದಲು ವಸ್ತು, ಆಮೇಲೆ ಅಂಕಿ.

ಒಂದು ಒಗಟು ನೋಡಿ. ಎರಡು ಬೇರೆ ಬೇರೆ ಅಂಕಿಯ ಸಂಖ್ಯೆ ಬರೆಯಿರಿ, 73 ಅಂತಿಟ್ಟುಕೊಳ್ಳಿ. ತಿರುಗಿಸಿದರೆ 37. ಕಳೆದರೆ 36. ಯಾವ ಸಂಖ್ಯೆ ಹಿಡಿದರೂ ಉತ್ತರ 9ರ ಮಗ್ಗಿಯಲ್ಲೇ ಇರುತ್ತದೆ.

ಯಾಕೆ ಅಂತ ಹುಣಸೆ ಬೀಜದಲ್ಲಿ ಮಾಡಿದರೆ ಗೊತ್ತಾಗುತ್ತೆ. ಹತ್ತು ಬೀಜಕ್ಕೊಂದು ಪೊಟ್ಟಣ ಕಟ್ಟಿ. 73 ಅಂದರೆ 7 ಪೊಟ್ಟಣ, 3 ಬಿಡಿ ಬೀಜ. 37 ಅಂದರೆ 3 ಪೊಟ್ಟಣ, 7 ಬಿಡಿ. 4 ಪೊಟ್ಟಣ ಹೋಗಿ 4 ಬೀಜ ಬಂತು. ಪೊಟ್ಟಣ ಹೋಗಿ ಬೀಜ ಬಂದಾಗಲೆಲ್ಲ ನಷ್ಟ 9. ನಾಲ್ಕು ಸಲಕ್ಕೆ 36. ಪುಸ್ತಕದಲ್ಲಿ ಸ್ಥಾನಬೆಲೆ ಅನ್ನೋದು ಇದನ್ನೇ. ನೂರರವರೆಗೆ ಗಡಗಡ ಹೇಳುವ ಮಗುವಿಗೂ ಇದು ಗೊತ್ತಿರಬೇಕೆಂದೇನಿಲ್ಲ.

ಕನ್ನಡದಲ್ಲಿ ಒಂದು ಅನುಕೂಲ ಇದೆ. ‘ಎಪ್ಪತ್ತಮೂರು’ ಅಂತ ಹತ್ತು ಮೊದಲು, ಬಿಡಿ ಆಮೇಲೆ, ಬರೆಯೋದೂ ಹಾಗೇ. ಹಿಂದಿಯ ‘ತಿಹತ್ತರ್’ನಲ್ಲಿ ಮೂರು ಮೊದಲು ಬರುತ್ತೆ. ತೋಟದ ಲೈನ್ ಮನೆಗಳಲ್ಲಿ ಹಿಂದಿ ಎಣಿಕೆ ಕೇಳಿ ಬೆಳೆದ ಮಗು 73ನ್ನು 37 ಅಂತ ಬರೆದರೆ ದಡ್ಡತನ ಅಂದುಕೊಳ್ಳಬಾರದು.

ಕೆ.ಜಿ. ಲೆಕ್ಕದಲ್ಲಿ ಕಾಫಿ ಹಣ್ಣು ಕುಯ್ಯುವವರಿಗೆ ಈ ಅದಲುಬದಲು ಕೂಲಿಯ ಪ್ರಶ್ನೆ. 82 ಕೆ.ಜಿ. ಚೀಟಿಯಲ್ಲಿ 28 ಆದರೆ 54 ಕೆ.ಜಿ. ಕೂಲಿ ಹೋಯಿತು. ಚೀಟಿ ಓದಬಲ್ಲ ಮಗು ಮನೆಯಲ್ಲಿದ್ದರೆ ಅದು ಅವತ್ತೇ ಸಿಕ್ಕಿಬೀಳುತ್ತದೆ.

ಅಂಗಡಿಯವರಿಗೂ ಅಷ್ಟೇ. ರಾತ್ರಿ ಗಲ್ಲಾಕ್ಕೂ ಪುಸ್ತಕಕ್ಕೂ 270 ರೂಪಾಯಿ ವ್ಯತ್ಯಾಸ ಬಂತು ಅನ್ನಿ. 9ರಿಂದ ಭಾಗವಾಗುತ್ತದೆ, ಹಾಗಾಗಿ 523 ಅನ್ನೋದು 253 ಆಗಿರೋ ಥರದ ತಪ್ಪು ಇದೆಯಾ ಅಂತ ಮೊದಲು ಹುಡುಕಿ. ಅದೇ ಕಾರಣ ಅಂತ ಖಾತ್ರಿ ಇಲ್ಲ, ಬಿಲ್ ಬಿಟ್ಟುಹೋಗಿದ್ದರೂ ಇರಬಹುದು. 9ರಿಂದ ಭಾಗವಾಗದಿದ್ದರೆ ಮಾತ್ರ ಬರೀ ಅಂಕಿ ತಿರುಗಿದ್ದಲ್ಲ.

ಸೊನ್ನೆ ಬಿಟ್ಟುಹೋದರೂ ಇದೇ ಸೂತ್ರ ಹಿಡಿಯುತ್ತದೆ. 450ನ್ನು 45 ಅಂತ ಬರೆದರೆ ವ್ಯತ್ಯಾಸ 405. ಒಂಬತ್ತರಿಂದ ಭಾಗಿಸಿ, 45 ಬರುತ್ತೆ. ಪುಸ್ತಕದಲ್ಲಿ ಹುಡುಕಬೇಕಾದ ಸಂಖ್ಯೆ ಅದೇ.