ನೋವಿನ ಮಾತ್ರೆ ನಿಂತಾಗ ಏನು ಮಾಡಬೇಕು?

ಮೊಣಕಾಲು, ಸೊಂಟದ ನೋವಿಗೆ ವರ್ಷಗಟ್ಟಲೆ ಟ್ರಮಡಾಲ್ ನುಂಗಿದ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಇದು ಅಫೀಮಿನ ಗುಣವುಳ್ಳ ಔಷಧ. 2018ರಿಂದ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಹೀಗಾಗಿ ವೈದ್ಯರು ಚೀಟಿ ಬರೆಯುವುದನ್ನು ಬಿಟ್ಟರೆ ಅಂಗಡಿಯಲ್ಲೂ ಮಾತ್ರೆ ಸಿಗದು.

ಒಮ್ಮೆಲೇ ನಿಂತರೆ ಬೆವರು, ಭೇದಿ, ಚಡಪಡಿಕೆ ಕಾಣಿಸುತ್ತವೆ, ನಿದ್ದೆ ಹತ್ತುವುದಿಲ್ಲ. ನೋವೂ ಮೊದಲಿಗಿಂತ ಹೆಚ್ಚೆನಿಸುತ್ತದೆ. ಚಟವೆಂದು ಮನೆಯವರು ಮೂದಲಿಸಬಾರದು. ಔಷಧಕ್ಕೆ ಒಗ್ಗಿಹೋದ ಶರೀರದ ಸಹಜ ತಳಮಳ ಇದು. ಹಂತಹಂತವಾಗಿ ಇಳಿಸಿಕೊಡಿ ಎಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿ. ವರ್ಷಕ್ಕೂ ಹೆಚ್ಚು ಕಾಲ ಸೇವಿಸಿದವರಿಗೆ ತಿಂಗಳಿಗೆ ಶೇ. 10ರಷ್ಟು, ಬೇಕಿದ್ದರೆ ಇನ್ನೂ ನಿಧಾನವಾಗಿ, ಇಳಿಸುವ ಕ್ರಮವಿದೆ. ಅವರು ಒಪ್ಪದಿದ್ದರೆ ದೊಡ್ಡ ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಿ. ಬೇರೆಯವರ ಮಾತ್ರೆಯಂತೂ ಬೇಡ. ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರಾಟವೇ ನಿಂತೀತು.

ಬದಲಿಗೆ ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು, ಶಾಖ, ಫಿಸಿಯೋಥೆರಪಿ ಇವೆ; ನರದ ನೋವಿನ ಔಷಧಗಳೇ ಬೇರೆ. ನೋವು ಪೂರ್ತಿ ಹೋಗದಿರಬಹುದು. ಬಸದಿಯ ಮೆಟ್ಟಿಲು ಹತ್ತುವಷ್ಟಾದರೆ ಅದೂ ಗೆಲುವೇ.

ಅಷ್ಟಮಿ, ಚತುರ್ದಶಿಯ ಉಪವಾಸ, ರಾತ್ರಿ ನೀರನ್ನೂ ಬಿಡುವ ನಿಯಮವಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಮಾತ್ರೆಯ ಹೊತ್ತು ಹೊಂದಿಸುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಹೊಟ್ಟೆಯಲ್ಲಿ ಹುಣ್ಣು ತರಬಹುದು. ನೀರಿಲ್ಲದ ದಿನ ಮೂತ್ರಪಿಂಡಕ್ಕೂ ಹೊರೆ.

ಕ್ಯಾನ್ಸರ್ ನೋವಿನ ಮಾತು ಬೇರೆ. ಅಲ್ಲಿ ಮಾರ್ಫಿನ್ ಅಗತ್ಯ ಔಷಧ. ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯ್ದೆಯನ್ನು ತಿದ್ದಲಾಯಿತು. ಹೆದರಿ ನಿಲ್ಲಿಸಬೇಡಿ, ಬೆಂಗಳೂರಿನ ಕಿದ್ವಾಯಿಯಲ್ಲಿ ಇಂಥ ನೋವು ನೋಡಿಕೊಳ್ಳಲು ಪ್ರತ್ಯೇಕ ವಿಭಾಗವೇ ಇದೆ.