ಮೂರನೆಯ ಅಂತರರಾಷ್ಟ್ರೀಯ ಸೂಕ್ಷ್ಮಜೀವಶಾಸ್ತ್ರ ಸಮ್ಮೇಳನ

ಮೂರನೆಯ ಅಂತರರಾಷ್ಟ್ರೀಯ ಸೂಕ್ಷ್ಮಜೀವಶಾಸ್ತ್ರ ಸಮ್ಮೇಳನವು 1939ರ ಸೆಪ್ಟೆಂಬರ್ 2ರಿಂದ 9ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿ ಜರುಗಿದ ವೈಜ್ಞಾನಿಕ ಸಮ್ಮೇಳನ. ರಾಕ್‌ಫೆಲರ್ ಸಂಸ್ಥೆಯ ವೈರಾಣು ತಜ್ಞ ಥಾಮಸ್ ರಿವರ್ಸ್ ಇದರ ಅಧ್ಯಕ್ಷರಾಗಿದ್ದರು. ಸಮ್ಮೇಳನ ಆರಂಭವಾದ ಮರುದಿನವೇ ಬ್ರಿಟನ್ ಮತ್ತು ಫ್ರಾನ್ಸ್ ಜರ್ಮನಿಯ ವಿರುದ್ಧ ಯುದ್ಧ ಘೋಷಿಸಿದವು. ಪ್ರತಿಜೀವಕಗಳ ಸಂಶೋಧನೆ ಹಾಗೂ ಬ್ಯಾಕ್ಟೀರಿಯಗಳ ನಾಮಕರಣ ನಿಯಮಗಳ ಇತಿಹಾಸದಲ್ಲಿ ಈ ಸಮ್ಮೇಳನಕ್ಕೆ ವಿಶೇಷ ಸ್ಥಾನವಿದೆ.

ಹಿನ್ನೆಲೆ

ಸೂಕ್ಷ್ಮಜೀವಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘವು 1927ರಲ್ಲಿ ಸ್ಥಾಪನೆಯಾಯಿತು. ಸಂಘದ ಮೊದಲ ಸಮ್ಮೇಳನವು 1930ರಲ್ಲಿ ಪ್ಯಾರಿಸ್‌ನಲ್ಲಿಯೂ ಎರಡನೆಯದು 1936ರಲ್ಲಿ ಲಂಡನ್‌ನಲ್ಲಿಯೂ ನಡೆದವು. ಮೂರನೆಯ ಸಮ್ಮೇಳನವನ್ನು ಮೊದಲ ಬಾರಿಗೆ ಯುರೋಪಿನ ಹೊರಗೆ ಏರ್ಪಡಿಸಲಾಯಿತು.

ಪ್ರಯಾಣ

ಯುರೋಪಿನ ವಿಜ್ಞಾನಿಗಳಿಗೆ ನ್ಯೂಯಾರ್ಕ್ ತಲುಪಲು ಹಡಗೇ ಮುಖ್ಯ ಸಾಧನವಾಗಿತ್ತು. ಅಟ್ಲಾಂಟಿಕ್ ಸಾಗರವನ್ನು ದಾಟಲು ಅತಿ ವೇಗದ ಹಡಗುಗಳಿಗೂ ನಾಲ್ಕೈದು ದಿನಗಳು ಬೇಕಾಗುತ್ತಿದ್ದವು. ಪ್ಯಾನ್ ಅಮೆರಿಕನ್ ಸಂಸ್ಥೆಯು ಅಟ್ಲಾಂಟಿಕ್ ಮೇಲೆ ಪ್ರಯಾಣಿಕ ವಿಮಾನ ಸೇವೆಯನ್ನು ಆರಂಭಿಸಿದ್ದು ಅದೇ ವರ್ಷದ ಜೂನ್ ತಿಂಗಳಲ್ಲಿ. ಆ ಸೇವೆ ಬಹಳ ದುಬಾರಿಯಾಗಿದ್ದು, ಕೆಲವೇ ಪ್ರಯಾಣಿಕರಿಗೆ ಲಭ್ಯವಿತ್ತು. ಹೀಗಾಗಿ ಸಮ್ಮೇಳನದ ಉದ್ಘಾಟನೆಗೆ ಹಾಜರಾಗಬೇಕಾದವರು ಆಗಸ್ಟ್ ಕೊನೆಯ ವಾರದೊಳಗೆ ತಮ್ಮ ದೇಶವನ್ನು ಬಿಡಬೇಕಾಗಿತ್ತು. ಯುರೋಪಿನ ರಾಜಕೀಯ ಬಿಕ್ಕಟ್ಟು ತೀವ್ರಗೊಂಡದ್ದೂ ಅದೇ ವಾರಗಳಲ್ಲಿ. ಆಗಸ್ಟ್ 23ರಂದು ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದವು. ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡ್ ಮೇಲೆ ದಾಳಿ ಮಾಡಿತು.

ಈ ಪರಿಸ್ಥಿತಿಯಲ್ಲಿ ಯುರೋಪಿನ ಹಲವು ಪ್ರತಿನಿಧಿಗಳು ಸಮ್ಮೇಳನಕ್ಕೆ ಬರಲಾಗಲಿಲ್ಲ. ಯುದ್ಧಕಾಲದಲ್ಲಿ ಸಾಂಕ್ರಾಮಿಕ ರೋಗಗಳು ಹರಡುವ ಭೀತಿ ಇದ್ದುದರಿಂದ ಬ್ಯಾಕ್ಟೀರಿಯಾ ತಜ್ಞರ ಸೇವೆ ಸ್ವದೇಶಗಳಲ್ಲಿಯೇ ಅಗತ್ಯವಾಗಿತ್ತು. ಬ್ರಿಟನ್ನಿನಲ್ಲಿ ತುರ್ತು ಸಾರ್ವಜನಿಕ ಆರೋಗ್ಯ ಪ್ರಯೋಗಾಲಯಗಳ ಜಾಲವು ಕಾರ್ಯಾರಂಭ ಮಾಡಿದ್ದು ಯುದ್ಧದ ಆರಂಭದೊಂದಿಗೇ. ನ್ಯೂಯಾರ್ಕ್ ತಲುಪಿದ್ದವರಿಗೆ ಹಿಂದಿರುಗುವ ಪ್ರಯಾಣವೂ ಅಪಾಯಕರವಾಯಿತು. ಸೆಪ್ಟೆಂಬರ್ 3ರಂದು ಮಾಂಟ್ರಿಯಲ್‌ಗೆ ಹೊರಟಿದ್ದ ಬ್ರಿಟಿಷ್ ಪ್ರಯಾಣಿಕ ಹಡಗು ‘ಅಥೀನಿಯಾ’ವನ್ನು ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿತು. ಈ ದಾಳಿಯಲ್ಲಿ ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಯುದ್ಧ ಘೋಷಣೆಯಾದಾಗ ಸಮ್ಮೇಳನದ ನಿಮಿತ್ತ ನ್ಯೂಯಾರ್ಕ್‌ನಲ್ಲಿದ್ದರು.

ಪ್ರತಿಜೀವಕಗಳ ಸಂಶೋಧನೆ

ಸಮ್ಮೇಳನದಲ್ಲಿ ಮಂಡನೆಯಾದ ವಿಷಯಗಳಲ್ಲಿ ರೆನೆ ಡ್ಯೂಬೋ ಅವರ ಸಂಶೋಧನೆಯು ಗಮನ ಸೆಳೆಯಿತು. ಅವರು ಮಣ್ಣಿನಲ್ಲಿರುವ ಬ್ಯಾಸಿಲಸ್ ಬ್ರೆವಿಸ್ ಎಂಬ ಬ್ಯಾಕ್ಟೀರಿಯದಿಂದ ಇತರ ಬ್ಯಾಕ್ಟೀರಿಯಗಳನ್ನು ಕೊಲ್ಲುವ ವಸ್ತುವನ್ನು ಪಡೆದಿದ್ದರು. ಇದರ ಒಂದು ಘಟಕವೇ ಗ್ರಾಮಿಸಿಡಿನ್. ಇದು ಕೆಂಪು ರಕ್ತಕಣಗಳನ್ನು ನಾಶಪಡಿಸುವುದರಿಂದ ರಕ್ತಕ್ಕೆ ಚುಚ್ಚಲು ಯೋಗ್ಯವಾಗಿರಲಿಲ್ಲ. ಆದ್ದರಿಂದ ಗಾಯಗಳ ಮೇಲೆ ಲೇಪಿಸಲು ಹಾಗೂ ಹಸುಗಳ ಕೆಚ್ಚಲು ಬಾವಿನ ಚಿಕಿತ್ಸೆಗೆ ಬಳಕೆಯಾಯಿತು. ಆದರೂ ಮಣ್ಣಿನ ಸೂಕ್ಷ್ಮಜೀವಿಗಳಿಂದ ಔಷಧಗಳನ್ನು ಕ್ರಮಬದ್ಧವಾಗಿ ಹುಡುಕಬಹುದೆಂಬುದನ್ನು ಇದು ತೋರಿಸಿಕೊಟ್ಟಿತು.

ಫ್ಲೆಮಿಂಗ್ ಪೆನಿಸಿಲಿನ್ನಿನ ಬಗ್ಗೆ 1929ರಲ್ಲಿಯೇ ಪ್ರಬಂಧ ಪ್ರಕಟಿಸಿದ್ದರೂ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಲು ಸಾಧ್ಯವಾಗಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಹೊವರ್ಡ್ ಫ್ಲೋರಿ ಮತ್ತು ಅರ್ನ್‌ಸ್ಟ್ ಚೈನ್ ಅವರ ತಂಡವು 1940ರ ಆಗಸ್ಟ್‌ನಲ್ಲಿ ಇಲಿಗಳ ಮೇಲಿನ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ವೈದ್ಯ ಮಾರ್ಟಿನ್ ಹೆನ್ರಿ ಡಾಸನ್ ರೋಗಿಗಳಿಗೆ ಪೆನಿಸಿಲಿನ್ ಚುಚ್ಚುಮದ್ದು ನೀಡಿದರು. ಡ್ಯೂಬೋ ಅವರ ಗುರುಗಳಾದ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಇದು ಕ್ಷಯರೋಗದ ವಿರುದ್ಧ ಪರಿಣಾಮಕಾರಿಯಾದ ಮೊದಲ ಪ್ರತಿಜೀವಕ.

ನಾಮಕರಣ ಸಂಹಿತೆ

ಒಂದೇ ಬ್ಯಾಕ್ಟೀರಿಯಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರುಗಳಿದ್ದರೆ ಸಂಶೋಧನೆಗಳನ್ನು ಹೋಲಿಸುವುದು ಕಷ್ಟ. ಈ ತೊಡಕನ್ನು ಪರಿಹರಿಸಲು ನಾಮಕರಣ ಸಮಿತಿಯೊಂದು 1930ರ ಪ್ಯಾರಿಸ್ ಸಮ್ಮೇಳನದಿಂದಲೇ ಕೆಲಸ ಮಾಡುತ್ತಿತ್ತು. ಬ್ಯಾಕ್ಟೀರಿಯಗಳಿಗೆ ಪ್ರತ್ಯೇಕ ನಾಮಕರಣ ಸಂಹಿತೆಯನ್ನು ರಚಿಸುವ ಕಾರ್ಯಕ್ಕೆ ನ್ಯೂಯಾರ್ಕ್ ಸಮ್ಮೇಳನವು ಒಪ್ಪಿಗೆ ನೀಡಿತು. ಇಂತಹ ನಿಯಮಗಳಿಗೆ ಎಲ್ಲ ದೇಶಗಳ ಪ್ರತಿನಿಧಿಗಳು ಸೇರುವ ಸಭೆಯ ಅಂಗೀಕಾರ ಅಗತ್ಯ. ಯುದ್ಧದಿಂದಾಗಿ ಅಂತಹ ಸಭೆ ಎಂಟು ವರ್ಷಗಳ ಕಾಲ ಸೇರಲಿಲ್ಲ. ಕೊನೆಗೆ 1947ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಸಂಹಿತೆಯು ಅಂಗೀಕಾರ ಪಡೆದು, 1948ರಲ್ಲಿ ಪ್ರಕಟವಾಯಿತು.

ನಂತರದ ಸಮ್ಮೇಳನಗಳು

ಕೋಪನ್‌ಹೇಗನ್‌ನ ಬಳಿಕ 1950ರಲ್ಲಿ ರಿಯೊ ಡಿ ಜನೈರೊ ಮತ್ತು 1953ರಲ್ಲಿ ರೋಮ್ ನಗರಗಳಲ್ಲಿ ಸಮ್ಮೇಳನಗಳು ನಡೆದವು. 1966ರ ಮಾಸ್ಕೋ ಸಮ್ಮೇಳನದಲ್ಲಿ ವೈರಾಣುಗಳ ನಾಮಕರಣಕ್ಕಾಗಿ ಪ್ರತ್ಯೇಕ ಅಂತರರಾಷ್ಟ್ರೀಯ ಸಮಿತಿ ರೂಪುಗೊಂಡಿತು. ಇಂದು ಈ ಸಮ್ಮೇಳನಗಳನ್ನು ಅಂತರರಾಷ್ಟ್ರೀಯ ಸೂಕ್ಷ್ಮಜೀವಶಾಸ್ತ್ರ ಸಂಘಗಳ ಒಕ್ಕೂಟವು ಏರ್ಪಡಿಸುತ್ತದೆ.