ಮಧುಮೇಹ: ಮರಗಟ್ಟಿದ ಪಾದಕ್ಕೆ ಶಸ್ತ್ರಚಿಕಿತ್ಸೆ ಉಂಟೇ?

ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯಲಿಲ್ಲ ಎನ್ನುವ ಮಧುಮೇಹಿಗಳುಂಟು. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ನರಗಳು ಕೆಟ್ಟು ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಶಸ್ತ್ರಚಿಕಿತ್ಸೆಯಿಂದ ಇದು ಮರಳುವುದೇ ಎಂಬುದು ಹಲವರ ಪ್ರಶ್ನೆ.

ಮಧುಮೇಹದಲ್ಲಿ ನರ ಊದಿಕೊಳ್ಳಬಹುದು. ಊದಿದ ನರ ಪಾದದ ಕೀಲಿನ ಒಳಬದಿ, ಮೊಣಕಾಲಿನ ಹೊರಬದಿಯಂತಹ ಇಕ್ಕಟ್ಟಿನ ಎಡೆಗಳಲ್ಲಿ ಅದುಮಿಕೊಳ್ಳುತ್ತದೆ. ಅಲ್ಲಿನ ಬಿಗಿಪಟ್ಟಿಯನ್ನು ಕತ್ತರಿಸಿ ನರವನ್ನು ಸಡಿಲಗೊಳಿಸುವುದೇ ಈ ಶಸ್ತ್ರಚಿಕಿತ್ಸೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಲೀ ಡೆಲನ್ 1992ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಆ ಜಾಗವನ್ನು ಬೆರಳಿನಿಂದ ತಟ್ಟಿದಾಗ ಪಾದದವರೆಗೆ ಜುಮ್ಮೆಂದರೆ ನರ ಅಲ್ಲಿ ಒತ್ತಿಕೊಂಡಿರಬಹುದು. ಒತ್ತಡವಿಲ್ಲದೆ, ಸಕ್ಕರೆಯಿಂದಲೇ ಕೆಟ್ಟ ನರವನ್ನು ಸಡಿಲಿಸಿ ಏನು ಫಲ?

2006ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಪ್ರಯೋಜನ ಸಿದ್ಧವಾಗಿಲ್ಲ ಎಂದಿತು. ಕಾಲಿಗೆ ರಕ್ತಸಂಚಾರ ಸಾಲದವರಿಗೆ ಕೊಯ್ದ ಗಾಯ ಮಾಯುವುದೇ ಕಷ್ಟ. ಜಾಹೀರಾತು ನೋಡಿ ಹಣ ತೆರುವ ಮೊದಲು ನರರೋಗ ತಜ್ಞರನ್ನು ಕಾಣಿರಿ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಿಯೂ ಪಾದ ಜೋಮು ಹಿಡಿಯಬಹುದು. ಅದನ್ನು ರಕ್ತಪರೀಕ್ಷೆ ತಿಳಿಸುತ್ತದೆ.

ಶಸ್ತ್ರಚಿಕಿತ್ಸೆ ಆಗಲಿ, ಬಿಡಲಿ, ದಿನವೂ ಮಲಗುವ ಮುನ್ನ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ. ಸ್ನಾನದ ನೀರಿನ ಬಿಸಿಯನ್ನು ಮನೆಯ ಇನ್ನೊಬ್ಬರು ಪರೀಕ್ಷಿಸಲಿ.